ತಪ್ಪಿದ ಲಸಿಕೆ: ಬಿಟ್ಟಲ್ಲಿಂದಲೇ ಮುಂದುವರಿಸಿ

ಮಗಳನ್ನು ಶಾಲೆಗೆ ಸೇರಿಸುವಾಗ ಲಸಿಕೆ ಕಾರ್ಡ್ ಕೇಳಿದರು. ಡ್ರಾಯರ್ ತಳದಿಂದ ತೆಗೆದು ನೋಡಿದರೆ ಎರಡು ಕಡೆ ಖಾಲಿ. ಮನೆ ಬದಲಿಸಿದ ಗಡಿಬಿಡಿಯಲ್ಲಿ ಒಂದು ತಪ್ಪಿತ್ತು. ಇನ್ನೊಂದರ ದಿನ ಅವಳಿಗೆ ನೆಗಡಿ, ಮುಂದಿನ ವಾರ ಹೋದರಾಯಿತು ಅಂದುಕೊಂಡಿದ್ದೆ. ಆ ಮುಂದಿನ ವಾರ ಮೂರು ವರ್ಷವಾದರೂ ಬರಲಿಲ್ಲ. ಖಾಲಿ ಜಾಗ ಕಂಡ ಮೇಲೂ ನಾನು ಸುಮ್ನೆ ಒಂದಷ್ಟು ದಿನ ತಳ್ಳಿದೆ. ನರ್ಸ್ ಬೈಯುತ್ತಾರೆ ಎಂಬ ಭಯ ಒಂದು. ಎಲ್ಲವನ್ನೂ ಮೊದಲಿಂದ ಚುಚ್ಚಿಸಬೇಕೇನೋ ಎಂಬ ಭಯ ಇನ್ನೊಂದು.

ಎರಡನೆಯ ಭಯಕ್ಕೆ ಅರ್ಥವೇ ಇಲ್ಲ. ಮಕ್ಕಳಿಗೆ ಮಾಮೂಲಾಗಿ ಹಾಕುವ ಲಸಿಕೆಗಳಲ್ಲಿ, ಮಧ್ಯೆ ಎಷ್ಟೇ ವರ್ಷ ಕಳೆದಿರಲಿ, ಹಾಕಿಸಿದ ಡೋಸ್ ಲೆಕ್ಕದಲ್ಲಿ ಉಳಿಯುತ್ತದೆ. ಹೆಪಟೈಟಿಸ್ ಬಿ ಮೂರು ಡೋಸ್‌ಗಳಲ್ಲಿ ಒಂದು ಆಗಿದ್ದರೆ ಇನ್ನೆರಡು ಬಾಕಿ, ಅಷ್ಟೇ. ಮೊದಲ ಡೋಸ್‌ನಲ್ಲಿ ಕಂಡ ರೋಗಾಣುವಿನ ಗುರುತನ್ನು ದೇಹದ ನೆನಪಿನ ಕೋಶಗಳು ಇಟ್ಟುಕೊಂಡಿರುತ್ತವೆ. ಲಸಿಕೆ ವಿಚಾರದಲ್ಲಿ ತಡ ಮಾಡಿದರೆ ಡೋಸ್ ಕೆಡುವುದಿಲ್ಲ, ಅವಸರ ಮಾಡಿದರೆ ಕೆಡುತ್ತದೆ. ಅಂತರ ತೀರಾ ಕಡಿಮೆಯಾದರೆ ಆ ಡೋಸ್ ಲೆಕ್ಕಕ್ಕೆ ಬರದೆ, ಮತ್ತೆ ಹಾಕಿಸಬೇಕಾಗಬಹುದು. ತಡದ ತೊಂದರೆ ಬೇರೆಯದು: ಅಷ್ಟು ದಿನ ಮಗುವಿಗೆ ಪೂರ್ತಿ ರಕ್ಷಣೆ ಇರುವುದಿಲ್ಲ.

ಹೀಗೆ ತಪ್ಪಿಸಿದವರು ನೀವೊಬ್ಬರೇ ಅಲ್ಲ. ಕೊರೊನಾ ಕಾಲದಲ್ಲಿ, 2021ರ ಒಂದೇ ವರ್ಷ, ಜಗತ್ತಿನಾದ್ಯಂತ ಸುಮಾರು 2.5 ಕೋಟಿ ಮಕ್ಕಳಿಗೆ ಒಂದಾದರೂ ಮುಖ್ಯ ಡೋಸ್ ತಪ್ಪಿತ್ತು. ಆ ಮಕ್ಕಳು ಈಗ ಶಾಲೆಯ ವಯಸ್ಸಿಗೆ ಬಂದಿದ್ದಾರೆ.

ಮೊದಲು ಕಾಗದ ಹುಡುಕಿ

ಕಾರ್ಡ್ ಇದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಹೆರಿಗೆಯಾದ ಆಸ್ಪತ್ರೆ, ಲಸಿಕೆ ಹಾಕಿಸಿದ ಕೇಂದ್ರ, ಹಿಂದಿನ ಶಾಲೆ, ಹಳೇ ಫೋನಿನ ಫೋಟೊಗಳು, ಎಲ್ಲ ಕಡೆ ನೋಡಿ. ಬೇರೆ ದೇಶದ, ಬೇರೆ ಭಾಷೆಯ ಕಾರ್ಡ್ ಆದರೂ ಬಿಸಾಡಬೇಡಿ. ಲಸಿಕೆಯ ಹೆಸರು, ಹಾಕಿದ ತಾರೀಖು ಓದಲು ಬಂದರೆ ಅದು ಸಾಮಾನ್ಯವಾಗಿ ನಡೆಯುತ್ತದೆ.

'ಹಾಕಿಸಿದ ನೆನಪಿದೆ' ಎಂಬ ಮಾತು ಮಾತ್ರ ಸಾಲುವುದಿಲ್ಲ. ದಾಖಲೆ ಸಿಗದಿದ್ದರೆ ಹಾಕಿಸಿಲ್ಲ ಎಂದೇ ಹಿಡಿಯುತ್ತಾರೆ. ಗಾಬರಿ ಬೇಡ. ದಡಾರ, ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆ ಒಂದು ಡೋಸ್ ಜಾಸ್ತಿ ಆದರೆ ತೊಂದರೆಯಿಲ್ಲ. ಧನುರ್ವಾಯುವಿನದು ಮಾತ್ರ ಪದೇ ಪದೇ ಹತ್ತಿರ ಹತ್ತಿರ ಬಿದ್ದರೆ ತೋಳು ಜೋರಾಗಿ ಊದಿಕೊಳ್ಳಬಹುದು. ಅನುಮಾನವಿದ್ದರೆ ವೈದ್ಯರು ರಕ್ತ ಪರೀಕ್ಷೆ ಹೇಳಬಹುದು.

ಒಂದು ಹಾಳೆಯಲ್ಲಿ ಬರೆಯಿರಿ

ಯಾವ ಲಸಿಕೆ, ಯಾವ ತಾರೀಖು, ಆಗ ಮಗುವಿನ ವಯಸ್ಸೆಷ್ಟು. ಈ ಮೂರು ಸಾಕು. ವಯಸ್ಸು ಯಾಕೆ ಅಂದರೆ, ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿಸಿದ ದಡಾರದ ಡೋಸನ್ನು ಹಲವು ದೇಶಗಳು ಎರಡು ಡೋಸ್‌ಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಡವಾದ ಮಕ್ಕಳಿಗೆಂದೇ ಬಹುತೇಕ ದೇಶಗಳಲ್ಲಿ ಬೇರೆ ವೇಳಾಪಟ್ಟಿ ಇರುತ್ತದೆ. ಅದಕ್ಕೆ ನಿಮ್ಮ ಹಾಳೆಯನ್ನು ಹೊಂದಿಸುವುದು ವೈದ್ಯರ ಅಥವಾ ಲಸಿಕೆ ನರ್ಸ್ ಅವರ ಕೆಲಸ. ಅಂತರ್ಜಾಲ ನೋಡಿ ನೀವೇ ಪಟ್ಟಿ ಮಾಡಲು ಹೋಗಬೇಡಿ.

ಯಾವುದು ಬೇಕು, ಯಾವುದು ಬೇಡ

ಖಾಲಿ ಜಾಗವನ್ನೆಲ್ಲ ತುಂಬಬೇಕಿಲ್ಲ. ಜೋರು ಭೇದಿ ತರುವ ರೋಟಾವೈರಸ್‌ನ ಲಸಿಕೆ ಎಳೆ ಮಕ್ಕಳಿಗೆ ಮಾತ್ರ, ಅದರ ಕಾಲ ಮುಗಿಯಿತು. ಎಳೆಯರಿಗೆ ನ್ಯುಮೋನಿಯಾ, ಮಿದುಳು ಪೊರೆಯ ಸೋಂಕು ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧ ಹಾಕುವ ಹಿಬ್ ಲಸಿಕೆ ಐದು ವರ್ಷ ದಾಟಿದ ಆರೋಗ್ಯವಂತ ಮಗುವಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಕೆಲವು ರೂಪ ಬದಲಿಸುತ್ತವೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿ ಎಳೆಯರಿಗೆ ಹಾಕುವ ಲಸಿಕೆಯನ್ನು ಸಾಮಾನ್ಯವಾಗಿ ಏಳು ವರ್ಷದ ಮೇಲೆ ಹಾಕುವುದಿಲ್ಲ. ಗಂಟಲಮಾರಿಯ ಅಂಶ ಕಡಿಮೆ ಇರುವ ಟಿಡಿ ಅಥವಾ ಟಿಡ್ಯಾಪ್ ಕೊಡುತ್ತಾರೆ. ಕಾರ್ಡ್‌ನಲ್ಲಿದ್ದ ಹೆಸರೇ ಬೇರೆ, ಇವರು ಕೊಡುತ್ತಿರುವುದೇ ಬೇರೆ ಎಂದು ಜಗಳಕ್ಕೆ ನಿಲ್ಲಬೇಡಿ. ಇದನ್ನು ಬಿಡಲೂ ಬೇಡಿ. ಧನುರ್ವಾಯು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ, ಮಣ್ಣಿನಿಂದ ಗಾಯದೊಳಗೆ ಬರುತ್ತದೆ. ತರಗತಿಯ ಮಿಕ್ಕ ಮಕ್ಕಳೆಲ್ಲ ಹಾಕಿಸಿಕೊಂಡಿದ್ದರೂ ನಿಮ್ಮ ಮಗುವಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ಒಂಬತ್ತು ವರ್ಷ ದಾಟಿದ್ದರೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನೂ ಕೇಳಿ. ಹಳೇ ಕಾರ್ಡ್‌ನಲ್ಲಿ ಅದರ ಕಾಲಂ ಇರದೇ ಇರಬಹುದು.

ಯಾವುದು ಮೊದಲು ಎಂದು ಕೇಳಿದರೆ ನಾನು ದಡಾರದ ಲಸಿಕೆಗೆ ಕೈ ತೋರಿಸುತ್ತೇನೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆವರೆಗೆ ಇರಬಲ್ಲದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನರಿಗೆ ತಗಲುವಷ್ಟು ಜೋರು. ತರಗತಿ ಅಂದರೆ ಮುಚ್ಚಿದ ಕೋಣೆಯೇ ಅಲ್ವಾ? ಸಾಮಾನ್ಯವಾಗಿ ಎರಡು ಡೋಸ್, ಕನಿಷ್ಠ ನಾಲ್ಕು ವಾರದ ಅಂತರದಲ್ಲಿ. ಒಂದೇ ಆಗಿದ್ದರೆ ಕೆಲಸ ಮುಗಿದಿಲ್ಲ.

ಒಂದೇ ದಿನ ಎಷ್ಟು?

ಹೆತ್ತವರ ಕೈಕಾಲು ನಡುಗುವುದು ಇಲ್ಲಿ. ಮೂರು ನಾಲ್ಕು ಲಸಿಕೆಗಳನ್ನು ಒಂದೇ ದಿನ, ಬೇರೆ ಬೇರೆ ಸಿರಿಂಜ್‌ನಲ್ಲಿ, ಬೇರೆ ಬೇರೆ ಜಾಗಕ್ಕೆ ಹಾಕಬಹುದು. ಅದೇ ತೋಳಿಗಾದರೆ ಒಂದಿಂಚು ದೂರಕ್ಕೆ. ಒಂದೊಂದೇ ಹಾಕಿಸೋಣ ಎಂದರೆ ಓಡಾಟ ಜಾಸ್ತಿ, ಮತ್ತೆ ತಪ್ಪುವ ಸಾಧ್ಯತೆಯೂ ಜಾಸ್ತಿ. ಮಗಳಿಗೆ ಎರಡೂ ಒಂದೇ ದಿನ ಆದವು. ಅತ್ತದ್ದು ಒಂದೇ ಸಲ.

ದಡಾರ, ಚಿಕನ್ ಪಾಕ್ಸ್‌ನಂಥ ಜೀವಂತ ವೈರಸ್ ಇರುವ ಚುಚ್ಚುಮದ್ದುಗಳಿಗೆ ಒಂದು ನಿಯಮವಿದೆ. ಹಾಕಿಸಿದರೆ ಒಂದೇ ದಿನ, ಇಲ್ಲದಿದ್ದರೆ ಮಧ್ಯೆ ಪೂರ್ತಿ 28 ದಿನ. ಮಿಕ್ಕ ಅಂತರಗಳು ಲಸಿಕೆಗೊಂದು ಥರ. ಧನುರ್ವಾಯು ಲಸಿಕೆಯನ್ನು ಏಳು ವರ್ಷದ ಮೇಲೆ ಹೊಸದಾಗಿ ಶುರು ಮಾಡಿದರೆ ಎರಡನೆಯದು ನಾಲ್ಕು ವಾರದ ನಂತರ, ಮೂರನೆಯದು ಆರು ತಿಂಗಳಾದರೂ ಬಿಟ್ಟು. ಪಟ್ಟಿ ಪೂರ್ತಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಸೂಜಿಗೆ ಮುಂಚೆ ಹೇಳಬೇಕಾದದ್ದು

ಹಿಂದಿನ ಡೋಸ್‌ಗೆ ಉಸಿರುಗಟ್ಟುವಂಥ ಅಲರ್ಜಿ ಆಗಿತ್ತೇ? ರೋಗ ನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ದಿನಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಇದೆಯೇ? ಕಳೆದ ಒಂದು ವರ್ಷದಲ್ಲಿ ಮಗುವಿಗೆ ರಕ್ತ ಹಾಕಿಸಿದ್ದಿರೇ? ಕೇಳದಿದ್ದರೂ ಹೇಳಿ. ಜೀವಂತ ವೈರಸ್‌ನ ಲಸಿಕೆಯನ್ನು ಆಗ ಮುಂದೂಡಬೇಕಾಗಬಹುದು, ಕೆಲವೊಮ್ಮೆ ಬಿಡಬೇಕಾಗಬಹುದು.

ಸಾದಾ ನೆಗಡಿ, ಸಣ್ಣ ಕೆಮ್ಮು ಈ ಪಟ್ಟಿಯಲ್ಲಿ ಇಲ್ಲ. ನಾನು ನೆಗಡಿಯ ಕಥೆ ಹೇಳಿದಾಗ ನರ್ಸ್ ಬೈಯಲಿಲ್ಲ, ನಕ್ಕರು. 'ನೆಗಡಿ ಇಲ್ಲದ ಮಗು ನೋಡಿದ್ದೀರಾ?' ಎಂದರು.

ಹಾಕಿಸಿದ ಮೇಲೆ

ಕಾಲು ಗಂಟೆಯಾದರೂ ಅಲ್ಲೇ ಕೂರಿಸಿ. ದೊಡ್ಡ ಮಕ್ಕಳು, ಅದರಲ್ಲೂ ಹದಿವಯಸ್ಸಿನವರು, ಸೂಜಿಯ ಭಯಕ್ಕೇ ತಲೆ ಸುತ್ತಿ ಬೀಳುವುದುಂಟು. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಮಾಮೂಲು. ದಡಾರದ ಲಸಿಕೆಯ ಜ್ವರ ಮಾತ್ರ ವಾರ, ಹತ್ತು ದಿನ ಬಿಟ್ಟು ಬರುತ್ತದೆ, ಜೊತೆಗೆ ಸಣ್ಣ ಗುಳ್ಳೆಗಳೂ ಏಳಬಹುದು. ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ.

ಹೊರಡುವ ಮುಂಚೆ ಮುಂದಿನ ತಾರೀಖು ಬರೆಸಿಕೊಳ್ಳಿ, ಫೋನಿನಲ್ಲಿ ಅಲಾರಂ ಇಡಿ. ಕಾರ್ಡ್‌ನ ಎರಡೂ ಬದಿಯ ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ. ನಾನು ಫೋಟೊ ತೆಗೆಯುವಾಗ ನೋಡಿದೆ, ಡ್ರಾಯರ್‌ನಲ್ಲಿದ್ದ ಕಾರ್ಡ್‌ನ ಒಂದು ಮೂಲೆಯನ್ನು ಯಾವಾಗಲೋ ಇಲಿ ಕಚ್ಚಿತ್ತು. ಸದ್ಯ, ತಾರೀಖುಗಳಿದ್ದ ಮೂಲೆಯಲ್ಲ.