ಬೆಳ್ಳಗಿದ್ದದ್ದೆಲ್ಲ ಬಂಡೆಯಲ್ಲ

ಗದಗ ತಾಲೂಕಿನ ಎರೆ ಹೊಲದಲ್ಲಿ ಗಾಳಿಯಂತ್ರದ ಬುನಾದಿ ಕೆಲಸ. ನೆಲ ಕೊರೆದು ನೋಡಿ ಬರೆದ ಬೋರ್ ವರದಿ ನನ್ನ ಕೈಗೆ ಬಂತು, ಅದರಲ್ಲಿ ಎರಡೂವರೆ ಮೀಟರಿಗೇ ‘ಸುಣ್ಣಕಲ್ಲು ಬಂಡೆ’ ಎಂದಿತ್ತು. ಎಸ್‌ಪಿಟಿಯಲ್ಲಿ, ಅಂದರೆ ಕೊಳವೆಗೆ ಸುತ್ತಿಗೆಯ ಪೆಟ್ಟು ಕೊಟ್ಟು ನೆಲದ ಗಟ್ಟಿತನ ಅಳೆಯುವ ಪರೀಕ್ಷೆಯಲ್ಲಿ, 50 ಪೆಟ್ಟು ಕೊಟ್ಟರೂ ಕೊಳವೆ ಇಳಿದಿರಲಿಲ್ಲ. ಬಿಳಿ ತುಂಡಿನ ಮೇಲೆ ಆ್ಯಸಿಡ್ ಹನಿಸಿದೆ, ಬುಸಬುಸ ನೊರೆ ಬಂತು. ಒಪ್ಪಿಯೇಬಿಟ್ಟಿದ್ದೆ.

ಪಕ್ಕದ ಹೊಲದ ಅಜ್ಜ ನಕ್ಕರು. ‘ಅದು ಬಂಡಿ ಅಲ್ರೀ ಸಾಹೇಬ್ರ, ಸುಣ್ಣದ ಹರಳು. ನಮ್ಮ ಬಾವಿ ನೋಡ ಬರ್ರಿ.’

ಬಾವಿಯ ಗೋಡೆಯಲ್ಲಿ ಎಲ್ಲ ಬಿಚ್ಚಿಟ್ಟಂತಿತ್ತು. ಮೇಲೆ ಕಪ್ಪು ಎರೆ, ಅದರಡಿ ಮೊಳದಷ್ಟು ಬಿಳಿ ಪದರ, ಅದರಡಿ ಹಸಿರುಹಳದಿ ಬಣ್ಣದ ಕೊಳೆತ ಶಿಸ್ಟ್, ಪದರ ಪದರದ ಕಲ್ಲು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಮಳೆನೀರಲ್ಲಿ ಕರಗಿ ಇಳಿದ ಸುಣ್ಣ, ನಮ್ಮ ಬಿಸಿಲಿಗೆ ನೀರು ಆರಿದಾಗ ಮಣ್ಣೊಳಗೇ ಗಟ್ಟಿಯಾಗಿ ಕೂತಿದೆ. ಅದೂ ಸುಣ್ಣವೇ ಆದ್ದರಿಂದ ನೊರೆ ಬಂದೇ ಬರುತ್ತದೆ! ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಸಿಗುವುದು ನಿಜವಾದ ಸುಣ್ಣಕಲ್ಲು. ಅಂಥ ಕಲ್ಲಿನಲ್ಲಿ ಭಯವೇ ಬೇರೆ, ನೀರು ಕೊರೆದ ಪೊಳ್ಳು. ಕೊರೆಯುವಾಗ ಬಿಟ್ಟ ನೀರು ಮೇಲೆ ಬಾರದಿದ್ದರೆ, ರಾಡು ದಿಢೀರನೆ ಜಾರಿದರೆ, ಅದನ್ನು ಆಗಲೇ ಬರೆದಿಡಬೇಕು.

ಇಲ್ಲಿ ಇದ್ದದ್ದು ಮೆತ್ತನೆಯ ನೆಲದ ಮೇಲೊಂದು ತೆಳು ಮುಚ್ಚಳ. ಗಾಳಿಯಂತ್ರದ ಭಾರಕ್ಕಿಂತ ಅದನ್ನು ಕೆಡವಲು ನೋಡುವ ಗಾಳಿಯದೇ ಚಿಂತೆ. ಗಾಳಿ ನೂಕಿದಾಗ 20 ಮೀಟರ್ ಅಗಲದ ದುಂಡು ರಾಫ್ಟಿನ (ಬುನಾದಿಯ ಕಾಂಕ್ರೀಟ್ ಹಾಸಿನ) ಒಂದು ಅಂಚು ನೆಲವನ್ನು ಅಮುಕುತ್ತದೆ, ಎದುರಿನದು ಏಳಲು ನೋಡುತ್ತದೆ. ದಿಕ್ಕು ಬದಲಾದರೆ ಅಂಚೂ ಬದಲು. ನಡುವೆ ಒಂದೇ ಬೋರ್ ಹಾಕಿ ಕೈತೊಳೆದುಕೊಂಡರೆ ಆಗದು.

ಅಂಚಿನಲ್ಲಿ ಮತ್ತೆ ನಾಲ್ಕು ಬೋರ್ ಹಾಕಿಸಿದೆ, ನಡುವಿನದನ್ನು 20 ಮೀಟರ್ ಆಳಕ್ಕೆ ಇಳಿಸಿದೆ. ಒಂದರಲ್ಲಿ ಬಿಳಿ ಪದರವೇ ಇಲ್ಲ, ಇನ್ನೊಂದರಲ್ಲಿ ಮೀಟರ್ ದಪ್ಪ. ಕೊರೆದು ತೆಗೆದದ್ದನ್ನು ಆಳದ ಕ್ರಮದಲ್ಲಿ ಜೋಡಿಸಿಡುವ ಕೋರ್ ಪೆಟ್ಟಿಗೆಯ ಮೊದಲ ಸಾಲುಗಳಲ್ಲಿ ಬರೀ ಪುಡಿ, ಐದು ಮೀಟರ್ ದಾಟಿದ ಮೇಲೆ ಕೈಯಲ್ಲಿ ಹಿಡಿಯುವಂಥ ತುಂಡು. ಹಾಗಾಗಿ ಆ ಮುಚ್ಚಳವನ್ನು ಒಡೆದು ಗಟ್ಟಿ ಕಲ್ಲಿನವರೆಗೆ ಅಗೆದು, ರಾಫ್ಟಿನ ತಳದವರೆಗೆ ಪಿಸಿಸಿ (ಕಬ್ಬಿಣವಿಲ್ಲದ ಬರೀ ಕಾಂಕ್ರೀಟ್) ತುಂಬಿಸಿದೆ. ಖರ್ಚಿನ ಬಗ್ಗೆ ಗೊಣಗಾಟ ಕೇಳಿದ್ದಾಯಿತು. ರಾಫ್ಟಿನ ಕಬ್ಬಿಣ, ಕಾಂಕ್ರೀಟ್ ಎಲ್ಲ ಎಂದಿನಂತೆಯೇ, ಇಡೀ ರಾತ್ರಿ ನಿಲ್ಲಿಸದೆ ನಡೆಯಿತು.

ರಾಫ್ಟಿನ ಮೇಲೆ ತುಂಬಲು ಎರೆ ಬೇಡವೆಂದೆ. ನೀರಲ್ಲಿ ಮಣ್ಣು ಎಷ್ಟು ಉಬ್ಬುತ್ತದೆಂದು ನೋಡುವ ಪರೀಕ್ಷೆಯಲ್ಲಿ ಅದು 50 ಶೇಕಡಾ ದಾಟಿತ್ತು. ಬುಡ ಏಳದಂತೆ ಹಿಡಿಯುವುದರಲ್ಲಿ ಆ ತುಂಬಿದ ಮಣ್ಣಿನ ತೂಕವೂ ಲೆಕ್ಕಕ್ಕಿದೆ. ಗರಸು ತರಿಸಿ, ನೀರು ಹಾಕಿ, ಪದರ ಪದರವಾಗಿ ರೋಲರ್ ಹೊಡೆಸಿದೆ. ಉಳಿದ ಎರೆಯನ್ನು ಅಜ್ಜ ಟ್ರ್ಯಾಕ್ಟರ್‌ನಲ್ಲಿ ತುಂಬಿಸಿಕೊಂಡು ಹೋಗಿ ತಮ್ಮ ಹೊಲಕ್ಕೇ ಹರವಿಕೊಂಡರು.