ಹುಂಜ ಕೂಗಿದರೆ ಕರಿಯ ಎದ್ದು ಓಡುತ್ತಾನೆ

ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಗೆ ಮೂರು ಕಡೆ ಕಾಫಿ ತೋಟ, ಹಿಂದುಗಡೆ ಹಳ್ಳ. ನಾಟಿ ಕೋಳಿ ಬಿಟ್ಟು ಸಾಕಲು ಹೇಳಿ ಮಾಡಿಸಿದ ಜಾಗ. ಗಿಡದ ಬುಡದ ದರಗು ಕೆದಕಿದರೆ ಗೆದ್ದಲು, ಹುಳು. ಬಿಸಿಲೇರಿದರೆ ಮೈ ಚಾಚಲು ನೆರಳು. ಆದರೆ ಕೀರ, ಅಂದರೆ ಮುಂಗುಸಿ, ಬರುವುದೂ ಅದೇ ದರಗಿನ ಮರೆಯಲ್ಲಿಯೇ. ಮೊದಲ ವರ್ಷ ಕೆಂಪಿ ಎಂಬ ಹೇಂಟೆಯನ್ನು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದೆ. ಇಪ್ಪತ್ತೊಂದನೆಯ ದಿನ ಹತ್ತು ಮರಿಗಳು ಒಡೆದವು. ತಿಂಗಳು ತುಂಬುವಷ್ಟರಲ್ಲಿ ಉಳಿದದ್ದು ಎರಡು. ಹಗಲು ಗಿಡುಗ ಮತ್ತು ಕೀರ, ರಾತ್ರಿ ಹೆಂಚು ಸರಿಸಿ ಇಳಿಯುವ ಕಬ್ಬೆಕ್ಕು, ಅಂದರೆ ಪುನುಗಿನ ಜಾತಿಯ ಕಾಡುಬೆಕ್ಕು.

ಉರುಳು ಹಾಕಿ ಎಂದು ಹೇಳಿದವರಿದ್ದರು. ಕೀರ, ಕಬ್ಬೆಕ್ಕು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಲ್ಲದೆ ಉರುಳಿಗೆ ಯಾವ ಪ್ರಾಣಿ ಬೀಳುತ್ತದೆ ಎಂಬುದು ಹಾಕಿದವರ ಕೈಯಲ್ಲಿರುವುದಿಲ್ಲ. ನಾನು ಒಪ್ಪಲಿಲ್ಲ. ನಾಯಿ ಸಾಕೋಣ ಎಂದು ನಿರ್ಧರಿಸಿದೆವು.

ಮುಧೋಳ ತರಿಸಿ ಎಂದರು ಒಬ್ಬರು. ಅದು ಬೇಟೆಯ ತಳಿ; ಕಣ್ಣೆದುರು ಓಡಿದ್ದನ್ನೆಲ್ಲ ಅಟ್ಟುವುದು ಅದರ ರಕ್ತದಲ್ಲಿದೆ, ಕೋಳಿಯೂ ಓಡುತ್ತದೆ. ತೋಟದ ಕೆಲಸಗಾರರ ಲೈನುಮನೆಯಲ್ಲಿ ಹುಟ್ಟಿದ ಎರಡು ತಿಂಗಳ ನಾಟಿ ಮರಿಯೊಂದನ್ನು ಮನೆಗೆ ತಂದೆ. ಅವನೇ ಕರಿಯ.

"ಮೊದಲು ಅದರ ಹೊಟ್ಟೆ ತುಂಬಿಸಮ್ಮ, ಆಮೇಲೆ ಕೋಳಿ ತೋರಿಸು" ಎಂದರು ಅತ್ತೆ. ಹಾಗೆಯೇ ಮಾಡಿದೆ. ದಿನವೂ ಸಂಜೆ ಅನ್ನ ಹಾಕಿ, ಹಗ್ಗ ಹಿಡಿದುಕೊಂಡು, ಮರಿಗಳನ್ನು ಕವುಚಿಟ್ಟ ಮಂಕರಿಯ ಪಕ್ಕದಲ್ಲಿ ಅವನೊಡನೆ ಅರ್ಧ ಗಂಟೆ ಕೂರುತ್ತಿದ್ದೆ. ಅವನು ಮಂಕರಿಯ ಕಡೆ ಜಿಗಿದರೆ ಎದ್ದು ದೂರ ಕರೆದೊಯ್ಯುವುದು, ಸುಮ್ಮನೆ ಮಲಗಿದರೆ ಬೆನ್ನು ಸವರುವುದು, ಇಷ್ಟೇ. ನನಗಿಂತ ಚೆನ್ನಾಗಿ ಕಲಿಸಿದವಳು ಕೆಂಪಿ. ಒಂದು ದಿನ ಮೂಸಲು ಹೋದವನ ಮೂಗಿನ ತುದಿಗೆ, ರೆಕ್ಕೆ ಕೆದರಿ ನೆಗೆದು ಕುಕ್ಕಿದಳು. ರಕ್ತದ ಹನಿ ಕಾಣಿಸಿತು. ಅಂದಿನಿಂದ ಮರಿಕೋಳಿಯ ಹತ್ತಿರ ಹೋಗುವಾಗ ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸುತ್ತುಬಳಸಿ ನಡೆಯುತ್ತಾನೆ.

ಏಳನೆಯ ತಿಂಗಳಿನಲ್ಲಿ ತಪ್ಪಿ ಅವನ ಹಗ್ಗ ಬಿಟ್ಟುಬಿಟ್ಟೆ. ಆಟಕ್ಕೆ ಅಟ್ಟಿಸಿಕೊಂಡು ಹೋಗಿ ಒಂದು ಎಳೆಯ ಹೇಂಟೆಯನ್ನು ಕೊಂದುಬಿಟ್ಟ. ಸತ್ತ ಕೋಳಿಯನ್ನು ಅವನ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆ ಎಂದರು ನೆರೆಯವರು. ನಾನು ಕಟ್ಟಲಿಲ್ಲ. ಕೊಳೆಯುವ ಹೆಣ ಹೊತ್ತು ತಿರುಗಿದ ನಾಯಿಗೆ ಹಿಂಸೆಯಾಗುತ್ತದೆಯೇ ಹೊರತು ಮಾಡಿದ ತಪ್ಪು ತಿಳಿಯುವುದಿಲ್ಲ. ಮತ್ತೆ ಎರಡು ತಿಂಗಳು ಹಗ್ಗ. ಜೊತೆಗೆ ಬೆಳಿಗ್ಗೆ, ಸಂಜೆ ಬೇಲಿಯುದ್ದಕ್ಕೂ ನಡಿಗೆ. ಕಲ್ಲುಕಲ್ಲಿಗೂ ಕಾಲೆತ್ತಿ ಅವನು ಗುರುತು ಮಾಡುತ್ತಾ ಬಂದ ಹಾಗೆ, ಹಳ್ಳದ ಕಡೆಯಿಂದ ಕೀರ ಬರುವುದು ಕಡಿಮೆಯಾದದ್ದನ್ನು ಕಣ್ಣಾರೆ ಕಂಡೆ. ನಂಬಿ ಬಿಡುವಷ್ಟರ ಹೊತ್ತಿಗೆ ಅವನಿಗೆ ಒಂದೂವರೆ ವರ್ಷ. ಆರು ತಿಂಗಳಲ್ಲಿ ನಾಯಿ ಕಾವಲಿಗೆ ಸಿದ್ಧವಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನನ್ನನ್ನು ಬೆರಗುಗೊಳಿಸಿದ್ದು ಮತ್ತೊಂದು. ಹುಂಜಕ್ಕೆ ಅಪಾಯದ ಕೂಗು ಎರಡಿವೆ. ಆಕಾಶದಲ್ಲಿ ಗಿಡುಗ ಕಂಡರೆ ಗಂಟಲೊಳಗೇ ಸಣ್ಣಗೆ ಒಂದು ಎಳೆತ. ಕೋಳಿಗಳೆಲ್ಲ ಗಿಡದ ಬುಡ ಸೇರಿ ಅಲುಗಾಡದೆ ಕೂರುತ್ತವೆ. ನೆಲದ ಮೇಲೆ ಬರುವ ಪ್ರಾಣಿಗಾದರೆ ಕೊಕ್ಕೊಕ್ಕೊಕ್ ಎಂದು ಬಿಡದೆ ಗದ್ದಲ. ಆಗ ಎಲ್ಲವೂ ಕತ್ತೆತ್ತಿ ಅದೇ ದಿಕ್ಕಿಗೆ ನೋಡುತ್ತವೆ. ಕಾಫಿ ಕುಯ್ಲಿನ ಒಂದು ಬೆಳಿಗ್ಗೆ ನಾನು ಕಣದಲ್ಲಿ ಹಣ್ಣು ಹರಡುತ್ತಿದ್ದೆ. ಕರಿಯ ಮೂಟೆಗಳ ನೆರಳಿನಲ್ಲಿ ನಿದ್ದೆಯಲ್ಲಿದ್ದ. ಹುಂಜ ಆ ಸಣ್ಣ ಸದ್ದು ಮಾಡಿದ್ದೇ ತಡ, ಎದ್ದವನು ನೇರ ಮೇಲಕ್ಕೆ ನೋಡಿದ. ಸಿಲ್ವರ್ ಓಕಿನ ಕೊಂಬೆಯಲ್ಲಿ ಗಿಡುಗ. ಬುಡಕ್ಕೆ ಓಡಿ, ಅದು ಹಾರಿಹೋಗುವವರೆಗೂ ಬೊಗಳಿದ. ನಾನು ಅದನ್ನು ಕಲಿಸಿರಲಿಲ್ಲ.

ರಾತ್ರಿಯ ಮಾತೇ ಬೇರೆ. ನಮ್ಮ ಸೀಮೆಯಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುತ್ತದೆ. ಕೋಳಿ ಕಾಯಲೆಂದು ನಾಯಿಯನ್ನು ಕತ್ತಲಲ್ಲಿ ಹೊರಗೆ ಕಟ್ಟುವುದು ಅದನ್ನು ಚಿರತೆಗೆ ಒಪ್ಪಿಸಿದ ಹಾಗೆ. ಕರಿಯ ಮಲಗುವುದು ಗ್ರಿಲ್ ಹಾಕಿದ ಜಗಲಿಯಲ್ಲಿ. ಗೂಡನ್ನು ಕಾಯಬೇಕಾದದ್ದು ಗೂಡೇ: ನೆಲಕ್ಕೆ ಕಾಂಕ್ರೀಟ್, ಗೋಡೆಗೂ ಹೆಂಚಿನ ಅಡಿಗೂ ಅರ್ಧ ಇಂಚಿನ ವೆಲ್ಡ್ ಮೆಶ್. ಮಾಮೂಲಿ ಕೋಳಿ ಜಾಲರಿಯ ಕಣ್ಣು ದೊಡ್ಡದು, ಹಾವು ನುಸುಳುತ್ತದೆ. ಕತ್ತಲಾಗುವ ಮೊದಲು ಎಣಿಸಿ ಬಾಗಿಲು ಹಾಕುತ್ತೇನೆ.

ಮೊಟ್ಟೆಯನ್ನು ಆಗಾಗ ಎತ್ತಿಬಿಡಬೇಕು. ನಾಯಿಗೆ ಒಮ್ಮೆ ಅದರ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಕರಿಯನಿಗೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ, ಕೋಳಿಮರಿಗಳಿಗೆ ಮೊದಲ ವಾರದಲ್ಲಿ ಕೊಕ್ಕರೆ (ರಾಣಿಖೇತ್) ರೋಗದ ಲಸಿಕೆಯ ಹನಿ. ಇವೆರಡನ್ನು ಒಮ್ಮೆಯೂ ತಪ್ಪಿಸಿಲ್ಲ.

ಈ ಸಲ ಕೆಂಪಿ ಹನ್ನೊಂದು ಮರಿ ಮಾಡಿದ್ದಳು, ಎಂಟು ಉಳಿದಿವೆ. ಕಳೆದ ತಿಂಗಳು ಇನ್ನೊಂದು ನಾಯಿಮರಿ ತಂದಿದ್ದೇನೆ. ಸಂಜೆ ಮಂಕರಿಯ ಪಕ್ಕ ಅದರ ಹಗ್ಗ ಹಿಡಿದು ಕೂರುತ್ತೇನೆ. ಕರಿಯ ಸ್ವಲ್ಪ ದೂರದಲ್ಲಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿರುತ್ತಾನೆ.