ಯುಗಾದಿ ಕ್ಲೀನಿಂಗ್: ಶಿಕಾಗೋ ಕಡೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೊದಲೇ ಹೇಳಿಬಿಡ್ತೀನಿ, ಬಾತ್‌ರೂಮ್ ನೆಲಕ್ಕೆ ನೀರು ಸುರೀಬೇಡಿ. ಇದೊಂದು ಓದ್ಕೊಂಡು ಮಿಕ್ಕಿದ್ದು ಬಿಟ್ರೂ ನನಗೆ ಬೇಜಾರಿಲ್ಲ.

ನಾವು ಅರೋರಾದಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟಲ್ಲಿದ್ವಿ. ಮೊದಲನೇ ಯುಗಾದಿ, ಹಬ್ಬದ ಹಿಂದಿನ ಶನಿವಾರ, ಊರಲ್ಲಿ ಮಾಡೋ ಹಾಗೇ ಸೀರೆ ಎತ್ತಿ ಸಿಕ್ಕಿಸ್ಕೊಂಡು ಎರಡು ಬಕೆಟ್ ನೀರು ಸುರಿದು ಬ್ರಶ್ ತಗೊಂಡು ಉಜ್ಜಿದ್ದೇ ಉಜ್ಜಿದ್ದು, ಆಮೇಲೆ ನೀರು ತಳ್ಳೋಣ ಅಂತ ನೋಡಿದ್ರೆ ಜಾಲಿನೇ ಇಲ್ಲ! ಇಲ್ಲಿ ನೀರು ಹೋಗೋ ತೂತು ಟಬ್ ಒಳಗೆ ಮಾತ್ರ, ನೆಲದಲ್ಲಿ ಇರಲ್ಲ. ಬಟ್ಟೆ ಹಾಕಿ ಹಿಂಡೋಷ್ಟರಲ್ಲಿ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ರು, ಅವರ ಸೀಲಿಂಗಿಂದ ತೊಟ್ಟಿಕ್ತಾ ಇತ್ತು. ಇಲ್ಲಿ ಮನೆ ಅಂದ್ರೆ ಮರದ ಚೌಕಟ್ಟು, ಅದಕ್ಕೆ ಜಿಪ್ಸಮ್ ಹಲಗೆ ಹೊಡೆದಿರ್ತಾರೆ, ನಮ್ಮ ಆರ್‌ಸಿಸಿ ಅಲ್ಲ. ನೀರು ಕುಡಿದ್ರೆ ಉಬ್ಬತ್ತೆ, ಕಂದು ಬಣ್ಣಕ್ಕೆ ತಿರುಗತ್ತೆ, ಒಳಗೊಳಗೇ ಬೂಷ್ಟು ಹಿಡಿಯತ್ತೆ. ರಿಪೇರಿ ಬಿಲ್ಲು ನಮ್ಮ ತಲೆಗೇ ಬಂತು, ರೆಂಟರ್ಸ್ ಇನ್ಶೂರೆನ್ಸ್ (ಬಾಡಿಗೆ ಮನೆಯಲ್ಲಿರೋರು ತಗೊಳ್ಳೋ ವಿಮೆ) ಬೇರೆ ತಗೊಂಡಿರ್ಲಿಲ್ಲ, "ಇರೋ ನಾಲ್ಕು ಪಾತ್ರೆಗೆ ಯಾಕ್ರೀ ಇನ್ಶೂರೆನ್ಸು" ಅಂದಿದ್ದು ನಮ್ಮನೆಯವರು. ನೀವು ತಗೊಳ್ಳಿ.

ಹಾಗಾದ್ರೆ ತೊಳೆಯೋದು ಹೇಗೆ? ಟಬ್ ಒಳಗೆ ಎಷ್ಟು ಬೇಕಾದ್ರೂ ನೀರು ಹಾಕಿ, ಕರ್ಟನ್ ಕೆಳಭಾಗ ಟಬ್ಬಿನ ಒಳಗಿರ್ಲಿ. ನೆಲಕ್ಕೆ ಸ್ಪ್ರೇ ಹೊಡೆದು, ಐದು ನಿಮಿಷ ಬಿಟ್ಟು, ಹಿಂಡಿದ ಬಟ್ಟೆಯಲ್ಲಿ ಎರಡು ಸಲ ಒರೆಸಿ. ತೃಪ್ತಿ ಆಗಲ್ಲ, ಗೊತ್ತು, ನನಗೆ ಇವತ್ತಿಗೂ ಆಗಲ್ಲ. ಬಾಲ್ಕನಿಗೂ ಇದೇ ಮಾತು, ಮರದ ಹಲಗೆಗಳ ಸಂದೀಲಿ ನೀರು ಇಳಿದು ಕೆಳಗೆ ಕಾಫಿ ಕುಡೀತಾ ಕೂತವರ ತಲೆ ಮೇಲೆ ಬೀಳತ್ತೆ. ಊರಿಂದ ಅಮ್ಮನೋ ಅತ್ತೆನೋ ಬಂದ್ರೆ ಏರ್‌ಪೋರ್ಟಿಂದ ಬರೋ ದಾರೀಲೇ ಹೇಳಿಬಿಡಿ, ನೀವು ಆಫೀಸಿಗೆ ಹೋದಾಗ ಪಾಪ ಸಹಾಯ ಆಗ್ಲಿ ಅಂತ ಅವರು ಮಾಡೋ ಮೊದಲ ಕೆಲಸ ಇದೇ.

ಯಾವಾಗ ಮಾಡೋದು

ಇಲ್ಲಿಯವರು ಸ್ಪ್ರಿಂಗ್ ಕ್ಲೀನಿಂಗ್ ಅಂತಾರಲ್ಲ, ಅದೂ ನಮ್ಮ ಯುಗಾದಿ ಧೂಳು ಹೊಡೆಯೋದೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬರತ್ತೆ. ಆದ್ರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದ್ರೆ 2025ರಲ್ಲಿ ಮಾರ್ಚ್ 30ಕ್ಕೇ ಬಂತು, ಶಿಕಾಗೋದಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳೋದುಂಟು. ಅದಕ್ಕೇ ಎರಡು ಕಂತಲ್ಲಿ ಮಾಡಿ. ಅಡುಗೆಮನೆ, ದೇವರ ಗೂಡು, ಬೀರು ಹಬ್ಬಕ್ಕೆ ಮುಂಚೆ, ಕಿಟಕಿ, ಕಾರ್ಪೆಟ್, ಗರಾಜು ಎಲ್ಲಾ ಮೇ ತಿಂಗಳಿಗೆ. ಒಂದೇ ವೀಕೆಂಡಲ್ಲಿ ಎಲ್ಲಾ ಮುಗಿಸ್ತೀನಿ ಅಂತ ಹೊರಟು ಒಬ್ಬಟ್ಟು ಮಾಡೋ ಹೊತ್ತಿಗೆ ಸೊಂಟ ಹಿಡ್ಕೊಂಡು ಕೂತವರು ನಮ್ಮಲ್ಲಿ ಬಹಳ ಜನ ಇದಾರೆ.

ಅಡುಗೆಮನೆ

ನಮ್ಮ ಒಗ್ಗರಣೆ ಅಡುಗೆಗೆ ಇಲ್ಲಿಯ ಅಡುಗೆಮನೆ ಕಟ್ಟಿಲ್ಲ, ಇದನ್ನ ಮೊದಲು ಒಪ್ಕೊಳ್ಳಿ. ತುಂಬಾ ಅಪಾರ್ಟ್‌ಮೆಂಟಲ್ಲಿ ಒಲೆ ಮೇಲಿನ ಫ್ಯಾನು ಹೊಗೆ ಹೊರಗೆ ಕಳಿಸೋದೇ ಇಲ್ಲ, ಎಳ್ಕೊಂಡು ಸೋಸಿ ವಾಪಸ್ ಮನೆಯೊಳಗೇ ಬಿಡತ್ತೆ. ಅದರ ಕೆಳಗಿರೋ ಲೋಹದ ಜಾಲರಿ ಎಳೆದ್ರೆ ಬರತ್ತೆ, ಬಿಸಿನೀರು, ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಸಿ ಬ್ರಶ್ ಮಾಡಿ. ಕಪ್ಪು ಇದ್ದಿಲಿನ ಫಿಲ್ಟರ್ ಇದ್ರೆ ಅದು ತೊಳೆಯೋದಲ್ಲ, ಹೊಸದು ಹಾಕೋದು. ಕ್ಯಾಬಿನೆಟ್ ಬಾಗಿಲ ಮೇಲೆ ಅಂಟಂಟು ಜಿಡ್ಡಿರತ್ತೆ, ಒಲೆ ಮೇಲಿಂದು ನೋಡಿ, ಬೆಚ್ಚಗಿನ ಸೋಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ಉಕ್ಕಿನ ನಾರು ಹಾಕಿ ಉಜ್ಜಿದ್ರೆ ಪಾಲಿಶ್ ಹೋಗತ್ತೆ.

ಬಿಳಿ ಕೌಂಟರ್ ಮೇಲೆ ಅರಿಶಿನದ ಕಲೆಗೆ ಅಡುಗೆ ಸೋಡಾ, ಸ್ವಲ್ಪ ನೀರು ಕಲಸಿ ಬಳಿದು ಹದಿನೈದು ನಿಮಿಷ ಬಿಡಿ. ಬಟ್ಟೆ ಮೇಲಾಗಿದ್ರೆ ಒಗೆದು ಬಿಸಿಲಿಗೆ ಹಾಕಿ, ಅರಿಶಿನ ಬಿಸಿಲಿಗೆ ತಡ್ಕೊಳ್ಳಲ್ಲ. ಬಿಸಿಲಿಗೆ ಹಾಕಿ ಅಂದೆ ಅಂತ ಬಾಲ್ಕನಿ ಕಂಬಿ ಮೇಲೆ ಹರಡ್ಬೇಡಿ, ಎಷ್ಟೋ ಕಡೆ ಲೀಸಲ್ಲೇ ಬೇಡ ಅಂತ ಬರೆದಿರ್ತಾರೆ, ಒಳಗೆ ಕಿಟಕಿ ಹತ್ರ ಸ್ಟ್ಯಾಂಡ್ ಇಡಿ. ಕಂಬಳಿ ಜಮಖಾನ ಕೊಡವೋದೂ ಅಲ್ಲಿ ಬೇಡ.

ಸಿಂಕಿನ ಡಿಸ್ಪೋಸರ್ (ಊಟದ ಚೂರು ಅರೆದು ಪೈಪಿಗೆ ಬಿಡೋ ಮಷಿನ್) ಏನು ಹಾಕಿದ್ರೂ ನುಂಗತ್ತೆ ಅಂತ ಅನ್ಕೋಬೇಡಿ. ಅನ್ನ, ಕರಿಬೇವಿನ ಕಡ್ಡಿ, ದೀಪ ತೊಳೆದ ಹುಣಸೆ ಸಿಪ್ಪೆ, ಕರಿದ ಎಣ್ಣೆ, ಯಾವುದೂ ಹಾಕ್ಬೇಡಿ. ಎಣ್ಣೆ ತಣ್ಣಗಾದ ಮೇಲೆ ಡಬ್ಬಿಗೆ ತುಂಬಿ ಕಸಕ್ಕೆ.

ಬ್ಲೀಚ್, ಹಾರ್ಪಿಕ್

ಇದನ್ನ ಮಾತ್ರ ನಿಧಾನವಾಗಿ ಓದಿ. ಇಂಡಿಯನ್ ಸ್ಟೋರಿಂದ ಹಾರ್ಪಿಕ್ ತರ್ತೀವಿ, ಅದು ಆಸಿಡ್. ಇಲ್ಲಿಯ ಅಂಗಡಿಯಿಂದ ಬ್ಲೀಚ್ ತರ್ತೀವಿ. ಎರಡೂ ಒಂದೇ ಕಮೋಡಿಗೆ ಹಾಕಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ. ಬ್ಲೀಚಿಗೆ ವಿನಿಗರ್ ಸೇರಿಸಿದ್ರೂ ಅದೇ, ಅಮೋನಿಯಾ ಇರೋ ಗಾಜಿನ ಕ್ಲೀನರ್ ಸೇರಿಸಿದ್ರೆ ಇನ್ನೊಂದು ಥರ ವಿಷಗಾಳಿ. ಬಾಗಿಲು ಕಿಟಕಿ ಮುಚ್ಚಿರೋ ಚಳಿ ದೇಶದ ಪುಟ್ಟ ಬಾತ್‌ರೂಮಲ್ಲಿ ಇದು ತಮಾಷೆ ಅಲ್ಲ. ನಮ್ಮ ಕನ್ನಡ ಕೂಟದ ಒಬ್ಬರು ಕೆಮ್ಮಿ ಕೆಮ್ಮಿ ಎಮರ್ಜೆನ್ಸಿಗೆ ಹೋಗಿದ್ರು, ಇಂಜಿನಿಯರಿಂಗ್‌ನಲ್ಲಿ ರ್‍ಯಾಂಕ್ ಬಂದವರು. ಒಂದು ದಿನಕ್ಕೆ ಒಂದೇ ಥರದ ಕ್ಲೀನರ್, ಎಕ್ಸಾಸ್ಟ್ ಫ್ಯಾನ್ ಹಾಕ್ಕೊಂಡು.

ಸ್ಮೋಕ್ ಅಲಾರಂ

ಒಗ್ಗರಣೆಗೆ ಕೂಗ್ಕೊಳ್ಳತ್ತೆ ಅಂತ ಶವರ್ ಕ್ಯಾಪ್ ಹಾಕಿ ಮುಚ್ಚಿರೋ ಮನೆಗಳನ್ನ ನೋಡಿದೀನಿ, ಬ್ಯಾಟರಿ ಕಿತ್ತು ಮಕ್ಕಳ ಆಟದ ಸಾಮಾನಿಗೆ ಹಾಕಿದ್ದೂ ನೋಡಿದೀನಿ. ನಾಚಿಕೆ ಆಗ್ಬೇಕು ನಮಗೆ. ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತಲ್ಲ, ಅವತ್ತೇ ಎಲ್ಲಾ ಅಲಾರಂ ಬಟನ್ ಒತ್ತಿ ನೋಡಿ, ಮೇಲಿನ ಧೂಳು ವ್ಯಾಕ್ಯೂಮ್ ಮಾಡಿ. ಹಿಂದುಗಡೆ ತಯಾರಾದ ತಾರೀಕು ಇರತ್ತೆ, ಹತ್ತು ವರ್ಷ ಆಗಿದ್ರೆ ಹೊಸದು. ಶಿಕಾಗೋ ಇರೋ ಇಲಿನಾಯ್ ರಾಜ್ಯದಲ್ಲಿ 2023ರಿಂದ, ಬರೀ ಬ್ಯಾಟರಿಯಲ್ಲಿ ಓಡೋ ಅಲಾರಂ ಬದಲಾಯಿಸೋದಾದ್ರೆ ಹತ್ತು ವರ್ಷದ ಸೀಲ್ಡ್ (ಬಿಚ್ಚಿ ತೆಗೆಯೋಕೆ ಬರದ) ಬ್ಯಾಟರಿಯದ್ದೇ ಹಾಕ್ಬೇಕು. ಮಲಗೋ ಕೋಣೆಯಿಂದ 15 ಅಡಿ ಒಳಗೆ ಕಾರ್ಬನ್ ಮೊನಾಕ್ಸೈಡ್ (ವಾಸನೆ ಇಲ್ಲದ ವಿಷಗಾಳಿ) ಅಲಾರಮ್ಮೂ ಇರ್ಬೇಕು. ಇಲ್ದಿದ್ರೆ ಮ್ಯಾನೇಜ್‌ಮೆಂಟ್ ಆಫೀಸಿಗೆ ಬರೆದು ಕೇಳಿ, ಬಾಯಲ್ಲಿ ಹೇಳಿ ಸುಮ್ಮನಾಗ್ಬೇಡಿ.

ಮೇ ತಿಂಗಳ ಪಟ್ಟಿ

– ಬಾಗಿಲ ಹತ್ರ ಚಳಿಗಾಲದ ರಸ್ತೆ ಉಪ್ಪಿನ ಬಿಳಿ ಕಲೆ: ಬೆಚ್ಚಗಿನ ನೀರು, ಸ್ವಲ್ಪ ವಿನಿಗರ್ (ಮಾರ್ಬಲ್‌ಗೆ ವಿನಿಗರ್ ಬೇಡ)
– ಕಿಟಕಿ ಸಂದಿಯ ಕಪ್ಪು ಬೂಷ್ಟು
– ಡ್ರೈಯರ್ ಜಾಲರಿ ಪ್ರತಿ ಸಲ, ಹಿಂದಿನ ಪೈಪು ವರ್ಷಕ್ಕೊಮ್ಮೆ
– ಸ್ವಂತ ಮನೆಯವರು ಫರ್ನೇಸ್ (ಮನೆ ಬೆಚ್ಚಗಿಡೋ ಮಷಿನ್) ಫಿಲ್ಟರ್ ಬದಲಾಯಿಸಿ, ಬಾಣದ ಗುರುತು ಫರ್ನೇಸ್ ಕಡೆಗೆ
– ಫ್ರಿಜ್ ಹಿಂದೆ, ಒಲೆ ಕೆಳಗೆ

ಬೇಡದ ಸಾಮಾನು

ಇಲ್ಲಿ ಗುಜರಿಯವನು ಬರಲ್ಲ, ಪೇಪರ್‌ಗೆ ಕಾಸೂ ಕೊಡಲ್ಲ. ಬಟ್ಟೆ ಪಾತ್ರೆ ಚೆನ್ನಾಗಿದ್ರೆ ದಾನದ ಸಾಮಾನು ತಗೊಂಡು ಮಾರೋ ಗುಡ್‌ವಿಲ್ ಅಂಗಡಿಗೆ ಕೊಡಿ, ಮುರಿದಿದ್ದು ಕೊಡ್ಬೇಡಿ, ನಮಗೆ ಬೇಡದ್ದು ಅವರಿಗೆ ಯಾಕೆ ಬೇಕು. ಟಿವಿ, ಕಂಪ್ಯೂಟರ್, ಪ್ರಿಂಟರ್ ಕಸಕ್ಕೆ ಹಾಕೋ ಹಾಗಿಲ್ಲ, ಇಲಿನಾಯ್‌ನಲ್ಲಿ 2012ರಿಂದ ನಿಷೇಧ. ಎಣ್ಣೆ ಪೇಂಟು, ಕೀಟನಾಶಕ ಇಂಥವಕ್ಕೆ ನೇಪರ್‌ವಿಲ್‌ನಲ್ಲಿ ಅಪಾಯಕಾರಿ ಕಸ ತಗೊಳ್ಳೋ ಕೇಂದ್ರ ಇದೆ. ಊರಿಂದ ಮೂಟೆ ಕಟ್ಕೊಂಡು ಬಂದು ಡೇಟ್ ಮುಗಿದಿರೋ ಮಾತ್ರೆಗಳನ್ನ ಏಪ್ರಿಲ್ ಕೊನೆಯ ಟೇಕ್ ಬ್ಯಾಕ್ ದಿನ (ಬೇಡದ ಔಷಧಿ ವಾಪಸ್ ತಗೊಳ್ಳೋ ದಿನ) ಕೊಡಬಹುದು, ಕೆಲವು ಫಾರ್ಮಸಿಗಳಲ್ಲಿ ಡಬ್ಬಿನೂ ಇಟ್ಟಿರ್ತಾರೆ.

ಹಳೇ ದೇವರ ಫೋಟೋ ವಿಷಯ. ಊರಲ್ಲಾದ್ರೆ ಅಶ್ವತ್ಥಕಟ್ಟೆ ಹತ್ರ ಇಟ್ಟು ಕೈ ಮುಗಿದು ಬರ್ತಿದ್ವಿ. ಇಲ್ಲಿ ಫಾಕ್ಸ್ ನದಿಗೆ ಬಿಡ್ಬೇಡಿ, ದೇವಸ್ಥಾನದ ಪಾರ್ಕಿಂಗಲ್ಲಿ ಸದ್ದಿಲ್ಲದೆ ಇಟ್ಟು ಓಡಿಹೋಗ್ಬೇಡಿ, ಅರ್ಚಕರನ್ನ ಕೇಳಿ, ಅವರೇ ದಾರಿ ಹೇಳ್ತಾರೆ.

ಮನೆ ಬಿಡೋವಾಗ

ಕ್ಲೀನ್ ಮಾಡಿದ ಮೇಲೆ ಪ್ರತಿ ರೂಮಿನ ಫೋಟೋ ತೆಗೆದು ಇಡಿ. ನಮ್ಮ ಎರಡನೇ ಮನೆಯಲ್ಲಿ ಕಾರ್ಪೆಟ್ ಕಲೆ ಅಂತ ಡಿಪಾಸಿಟ್ ಅಷ್ಟನ್ನೂ ಇಟ್ಕೊಂಡ್ರು, ಆ ಕಲೆ ನಾವು ಬರೋಕೆ ಮುಂಚೇನೇ ಇತ್ತು, ಫೋಟೋ ಇರ್ಲಿಲ್ಲ, ಬಾಯಿ ಮುಚ್ಕೊಂಡು ಬಂದ್ವಿ. ಐದು ಅಥವಾ ಹೆಚ್ಚು ಮನೆಗಳಿರೋ ಕಟ್ಟಡ ಆದ್ರೆ ಯಾವುದಕ್ಕೆ ಎಷ್ಟು ಹಿಡಿದ್ರು ಅನ್ನೋ ಲೆಕ್ಕನ 30 ದಿನದೊಳಗೆ ಕೊಡ್ಬೇಕು ಅಂತ ಇಲಿನಾಯ್ ಕಾನೂನಲ್ಲಿದೆ, ಲೆಕ್ಕ ಕೊಡದಿದ್ರೆ 45 ದಿನದೊಳಗೆ ಪೂರ್ತಿ ಹಣ ವಾಪಸ್. ನಮಗೆ ಆಗ ಇದು ಗೊತ್ತಿದ್ದಿದ್ರೆ...

ಕಾರ್ಪೆಟ್ ತೊಳೆಯೋ ಮಷಿನ್ ಕೂಟದ್ದೇ ಒಂದಿದೆ, ಸದಸ್ಯರಿಗೆ ಬಾಡಿಗೆ ಇಲ್ಲ. ಬೆಳಿಗ್ಗೆನೇ ಶುರು ಮಾಡಿ, ನೀರು ಕಮ್ಮಿ ಬಿಟ್ಟು ಎಳ್ಕೊಳ್ಳೋದು ಎರಡು ಸಲ ಮಾಡಿ, ಫ್ಯಾನ್ ಹಾಕಿ ಒಣಗಿಸಿ, ಇಲ್ದಿದ್ರೆ ವಾರ ಪೂರ್ತಿ ಒದ್ದೆ ನಾಯಿ ವಾಸನೆ. ವಾಪಸ್ ಕೊಡೋವಾಗ ದಯವಿಟ್ಟು ಟ್ಯಾಂಕ್ ತೊಳೆದು ಕೊಡಿ, ಹೋದ ವರ್ಷ ಯಾರೋ ಕೊಳಕು ನೀರು ಹಾಗೇ ಬಿಟ್ಟು ಕೊಟ್ಟಿದ್ರು, ನನ್ನ ಕಾರಿನ ಡಿಕ್ಕಿ ತುಂಬಾ ಚೆಲ್ಲಿಹೋಯ್ತು.